ಕ್ರಿಪ್ಟೋಗೆ ದೊಡ್ಡ ಮೊತ್ತ ಹಾಕುವ ಮೊದಲು ಸಣ್ಣ ಮೊತ್ತ ವಾಪಸ್ ಪಡೆದು ನೋಡಿ
ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ, ಅಂದರೆ ಕ್ರಿಪ್ಟೋ, ಕೊಳ್ಳಲು ನಿರ್ಧರಿಸಿದವರು ಮೊದಲು ಸಾವಿರ ರೂಪಾಯಿಯಷ್ಟನ್ನೇ ಕೊಂಡು, ಮರುದಿನ ಅದನ್ನು ಮಾರಿ, ಹಣ ತಮ್ಮ ಬ್ಯಾಂಕ್ ಖಾತೆಗೆ ಮರಳುವವರೆಗೆ ಕಾದು, ಬಂದ ಮೊತ್ತವನ್ನು ಬರೆದಿಟ್ಟುಕೊಳ್ಳಬೇಕು. ಆ್ಯಪ್‌ನಲ್ಲಿ ಕಾಣುವ ಅಂಕಿ ವಿನಿಮಯ ಸಂಸ್ಥೆ (ಕ್ರಿಪ್ಟೋ ಕೊಳ್ಳಲು, ಮಾರಲು ಬಳಸುವ ಕಂಪನಿ) ನಿಮಗೆ ಕೊಡಬೇಕಾದ ಬಾಕಿಯಷ್ಟೇ. ಶುಲ್ಕ, ಕೊಳ್ಳುವ ಹಾಗೂ ಮಾರುವ ದರಗಳ ಅಂತರ, ಮಾರುವಾಗಲೇ ಕಡಿತವಾಗುವ ಶೇ 1ರ ತೆರಿಗೆ (ಟಿಡಿಎಸ್) ಕಳೆದು ಕೈಗೆ ಸಿಗುವುದೆಷ್ಟು ಎಂಬುದು ವಾಪಸ್ ಪಡೆದಾಗಲೇ ತಿಳಿಯುತ್ತದೆ. ಲಾಭವಾದರೆ ಶೇ 30ರ ತೆರಿಗೆ ಮತ್ತು ಸೆಸ್ ಬೇರೆ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಸರಿದೂಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಕ್ರಿಪ್ಟೋಗೆ ಅಂಥ ಆಸರೆಯಿಲ್ಲ. ಬಿಟ್‌ಕಾಯಿನ್ ನಾಣ್ಯಗಳ ಒಟ್ಟು ಸಂಖ್ಯೆ 2.1 ಕೋಟಿಗಿಂತ ಹೆಚ್ಚಾಗದು, ಅದು ರಜಾದಿನದಲ್ಲೂ ಗಡಿ ದಾಟಿ ಹೋಗಬಲ್ಲದು ಎಂಬುದು ನಿಜವಾದ ಗುಣವೇ. ಆದರೆ ದೇಶದೊಳಗಿನ ಪಾವತಿಗೆ ಯುಪಿಐ ಇರುವಾಗ ಅದರಿಂದ ವಿಶೇಷ ಪ್ರಯೋಜನವಿಲ್ಲ ಎಂದೇ ನನ್ನ ಅಭಿಪ್ರಾಯ. ಈ ಪರೀಕ್ಷೆ ಕೈಕೊಡುವುದು ನಕಲಿ ಆ್ಯಪ್‌ಗಳ ಮುಂದೆ: ನಂಬಿಕೆ ಹುಟ್ಟಿಸಲು ಅವು ಸಣ್ಣ ಮೊತ್ತವನ್ನು ತಕ್ಷಣ ಕೊಟ್ಟು, ದೊಡ್ಡ ಮೊತ್ತ ಕೇಳಿದಾಗ ‘ಮೊದಲು ತೆರಿಗೆ ಕಟ್ಟಿ’ ಎಂದು ಇನ್ನಷ್ಟು ಹಣ ಕೀಳುತ್ತವೆ. ಆದ್ದರಿಂದ ಸಂಸ್ಥೆಯು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿತವೇ ಎಂಬುದನ್ನು, ದಯವಿಟ್ಟು, ಸಾವಿರ ರೂಪಾಯಿ ಹಾಕುವುದಕ್ಕೂ ಮೊದಲೇ ನೋಡಿಕೊಳ್ಳಿ. ಆ ನೋಂದಣಿಯೂ ಹ್ಯಾಕ್ ಆದ ಹಣವನ್ನು ಮರಳಿ ಕೊಡಿಸುವುದಿಲ್ಲ.