ನೋವಿಲ್ಲದ ದಿನವೇ ಗಂಟು ನೋಡಿ: ಹಿಮೋಫಿಲಿಯಾ ಇರುವ ಮಕ್ಕಳ ಕೀಲು ಪರೀಕ್ಷೆ ಹೇಗೆ?

ಡೊಂಬಿವಲಿ ನಿಲ್ದಾಣದ ಸೇತುವೆಯಿಂದ ಇಳಿಯುವ ಹನ್ನೆರಡರ ಹುಡುಗನೊಬ್ಬ ಪ್ರತಿ ಮೆಟ್ಟಿಲಿಗೂ ಎಡಗಾಲನ್ನೇ ಮೊದಲು ಕೆಳಗಿಟ್ಟು, ಬಲಗಾಲನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ಮುಂದಿನ ಮೆಟ್ಟಿಲಿಗೆ ಹೋಗುತ್ತಿದ್ದರೆ ಹಿಂದೆ ಬರುವವರು ಗೊಣಗಬಹುದು. ಅವನಿಗೆ ಹಿಮೋಫಿಲಿಯಾ ಇದೆಯೆಂದು ತಿಳಿದ ತಾಯಿ ಮಾತ್ರ ಅದನ್ನು ಗಮನಿಸಿಟ್ಟುಕೊಳ್ಳಬೇಕು. ಕಾಲು ನೋಯುತ್ತಿದೆಯೇ ಎಂದು ಕೇಳಿದರೆ ಅವನು ಇಲ್ಲವೆನ್ನುತ್ತಾನೆ. ಕ್ರಿಕೆಟ್ ನಿಲ್ಲಿಸಿಬಿಡುತ್ತಾರೆಂಬ ಭಯ ಒಂದು ಕಾರಣ. ಬಿಗಿತ ತಿಂಗಳುಗಟ್ಟಲೆ ನಿಧಾನವಾಗಿ ಬಂದಿರುವುದರಿಂದ ಅವನಿಗೇ ಅದು ತಿಳಿದಿರುವುದಿಲ್ಲ ಎಂಬುದು ಇನ್ನೊಂದು. ಆದ್ದರಿಂದ ಈ ಪರೀಕ್ಷೆಯಲ್ಲಿ ಕೇಳುವುದಕ್ಕಿಂತ ನೋಡುವುದೇ ಹೆಚ್ಚು.

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅಥವಾ 9ರ ಕೊರತೆಯೇ ಹಿಮೋಫಿಲಿಯಾ. ಅದರ ಪ್ರಮಾಣ ಶೇ 1ಕ್ಕಿಂತ ಕಡಿಮೆಯಿದ್ದರೆ ತೀವ್ರವೆನ್ನುತ್ತಾರೆ, ಅಂಥವರಿಗೆ ಪೆಟ್ಟಿಲ್ಲದೆಯೂ ಕೀಲಿನೊಳಗೆ ರಕ್ತ ಸೋರಬಹುದು. ಸೋರಿದ ರಕ್ತದ ಕಬ್ಬಿಣಾಂಶ ಕೀಲಿನ ಒಳಪೊರೆಯಲ್ಲಿ ಕೂರುತ್ತದೆ, ಪೊರೆ ದಪ್ಪಗಾಗಿ ಅದರಲ್ಲಿ ಹೊಸ ರಕ್ತನಾಳಗಳು ಬೆಳೆಯುತ್ತವೆ, ಅವು ಇನ್ನೂ ಸುಲಭವಾಗಿ ಸೋರುತ್ತವೆ. ಊತ ಇಳಿದು ಹುಡುಗ ಶಾಲೆಗೆ ಹೊರಟ ಮೇಲೂ ಒಳಗೆ ಮೃದ್ವಸ್ಥಿ ಸವೆಯುತ್ತಿರಬಹುದು.

ಮೊದಲ ಹೆಜ್ಜೆ ದಿನವನ್ನು ಆರಿಸುವುದು. ಕೀಲು ಬೆಚ್ಚಗಾಗಿ, ಬಿಗಿದು, ಒಳಗೆ ಜುಮುಜುಮು ಎನ್ನುತ್ತಿದ್ದರೆ ಅದು ಹೊಸ ರಕ್ತಸ್ರಾವವಿರಬಹುದು; ಆಗ ಅಳತೆಯ ಮಾತೇ ಬೇಡ, ವೈದ್ಯರು ಹೇಳಿದಂತೆ ಚಿಕಿತ್ಸೆ ಮೊದಲು. ಕೀಲು ಶಾಂತವಾಗಿರುವ ದಿನ ಮಾತ್ರ ಪರೀಕ್ಷಿಸಬೇಕು, ಯಾವ ಕೀಲನ್ನೂ ಬಲವಂತವಾಗಿ ಮಡಿಸಬಾರದು, ಎಳೆಯಲೂಬಾರದು.

ಎರಡನೆಯದು ನಡಿಗೆ. ಹುಡುಗ ಚಡ್ಡಿ ಹಾಕಿಕೊಂಡು ಬರಿಗಾಲಲ್ಲಿ ಚಾಳಿನ ಗ್ಯಾಲರಿಯ ಉದ್ದಕ್ಕೂ ಹೋಗಿ ಬರಲಿ. ಹಿಮ್ಮಡಿ ನೆಲಕ್ಕೆ ಮೊದಲು ತಾಗುತ್ತದೆಯೇ, ಇಲ್ಲವೇ ಬೆರಳ ತುದಿಯಲ್ಲೇ ಹೆಜ್ಜೆ ಬೀಳುತ್ತದೆಯೇ ಎಂಬುದನ್ನು ಹಿಂದಿನಿಂದ ನೋಡಬೇಕು. ಮೆಟ್ಟಿಲು ಹತ್ತಿಳಿಯುವುದನ್ನು ಇದೇ ರೀತಿ ಗಮನಿಸಬಹುದು. ಓಟ ಮತ್ತು ಒಂಟಿಗಾಲಿನ ಕುಪ್ಪಳಿಕೆಯ ಪರೀಕ್ಷೆಯನ್ನು ಫಿಸಿಯೋಥೆರಪಿಸ್ಟರಿಗೇ ಬಿಡುವುದು ಕ್ಷೇಮ.

ಆಮೇಲೆ ಕೈಯ ಕೆಲಸ. ಮಂಡಿಚಿಪ್ಪಿನ ಎರಡೂ ಪಕ್ಕದಲ್ಲಿ ಚಿಕ್ಕ ತಗ್ಗುಗಳಿರುತ್ತವೆ. ಹರಡಿನ, ಅಂದರೆ ಪಾದದ ಗಂಟಿನ, ಹಿಂದೆ ದಪ್ಪ ನರದಂತೆ ಕಾಣುವ ಸ್ನಾಯುರಜ್ಜುವಿನ ಇಕ್ಕೆಲದಲ್ಲೂ ಅಂಥವೇ ಇವೆ. ಒಂದು ಕಾಲಿನಲ್ಲಿ ಈ ತಗ್ಗು ಕಂಡು ಇನ್ನೊಂದರಲ್ಲಿ ತುಂಬಿಕೊಂಡಿದ್ದರೆ ಅಲ್ಲಿ ಊತವಿದೆ. ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ದರ್ಜಿಯ ಟೇಪು ಸುತ್ತಿ ಎರಡೂ ತೊಡೆಗಳನ್ನು ಅಳೆದರೆ, ಯಾವ ಕಾಲಿನ ಸ್ನಾಯು ಸೊರಗಿದೆ ಎಂಬುದೂ ತಿಳಿಯುತ್ತದೆ. ಮೊಣಕೈಗೆ ಇಷ್ಟೆಲ್ಲ ಬೇಕಿಲ್ಲ: ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅಂಗೈ ಮೇಲೆ ಮಾಡಿದರೆ ಪೂರ್ತಿ ನೆಟ್ಟಗಾಗದ ಕೈ ಕೂಡಲೇ ಕಾಣುತ್ತದೆ.

ಮನೆಯ ನೋಟ ಇಲ್ಲಿಗೆ ಮುಗಿಯಿತು. ಕನಿಷ್ಠ ವರ್ಷಕ್ಕೊಮ್ಮೆ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಗೋನಿಯೋಮೀಟರ್ ಹಿಡಿದು ಕೋನಗಳನ್ನು ಅಳೆದು ಅಂಕ ಹಾಕಬೇಕು. 4ರಿಂದ 18ರ ವಯಸ್ಸಿನವರಿಗಾಗಿ ರೂಪಿಸಿದ ಹಿಮೋಫಿಲಿಯಾ ಜಾಯಿಂಟ್ ಹೆಲ್ತ್ ಸ್ಕೋರ್‌ನಲ್ಲಿ ಎರಡು ಮೊಣಕೈ, ಎರಡು ಮಂಡಿ, ಎರಡು ಹರಡು, ಹೀಗೆ ಆರು ಕೀಲುಗಳಿಗೆ ತಲಾ 20 ಮತ್ತು ನಡಿಗೆಗೆ 4, ಒಟ್ಟು 124 ಅಂಕ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಬೇಕು: ಇದು ಶಾಲೆಯ ಪರೀಕ್ಷೆಯಲ್ಲ, ಇಲ್ಲಿ ಸೊನ್ನೆ ಬಂದವನೇ ಗೆದ್ದವನು. ಪಕ್ಕದ ಹುಡುಗನ ಅಂಕದೊಂದಿಗೆ ಹೋಲಿಸುವುದೂ ವ್ಯರ್ಥ. ಅವನದೇ ಕಳೆದ ವರ್ಷದ ಅಂಕ ಏರಿದೆಯೇ ಎಂಬುದೇ ಪ್ರಶ್ನೆ.

ವೆಲ್ಲೂರಿನಲ್ಲಿ ರೂಪುಗೊಂಡ ಫಿಶ್ ಎಂಬ ಇನ್ನೊಂದು ಅಳತೆ ನನಗೆ ಹೆಚ್ಚು ಇಷ್ಟ. ಉಣ್ಣುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತುವುದು ಮುಂತಾದ ಎಂಟು ಕೆಲಸಗಳಿಗೆ ತಲಾ 4ರಂತೆ 32 ಅಂಕ. ಇದರಲ್ಲಿ ಮಾತ್ರ ಹೆಚ್ಚು ಅಂಕವೇ ಒಳ್ಳೆಯದು. ಕುಕ್ಕರಗಾಲಲ್ಲಿ ಕೂತು ಏಳುವುದೂ ಆ ಎಂಟರಲ್ಲಿ ಒಂದು. ಹಿಮ್ಮಡಿ ಊರದೆ ಕೂರುವ ಹುಡುಗನ ಹರಡಿನ ಕಷ್ಟ ನಮ್ಮ ಮನೆಗಳಲ್ಲಿ ಬೆಳಗಿನ ಪಾಯಖಾನೆಯಲ್ಲೇ ಗೊತ್ತಾಗುತ್ತದಲ್ಲವೇ?

ಕಣ್ಣಿಗೆ ಕಾಣದ ಒಳಪೊರೆಯ ದಪ್ಪವನ್ನು ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ತೋರಿಸುತ್ತವೆ. ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಹಾನಿ ಮುಂದುವರಿದಿರುತ್ತದೆ.

ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಕು, ಯಾವ ಕೀಲು, ಪೆಟ್ಟಾಗಿತ್ತೇ, ಎಷ್ಟು ಫ್ಯಾಕ್ಟರ್ ಕೊಟ್ಟದ್ದು. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ಮೂರು ಅಥವಾ ಹೆಚ್ಚು ಬಾರಿ ತಾನಾಗಿಯೇ ರಕ್ತಸ್ರಾವವಾದರೆ ಅದನ್ನು ಟಾರ್ಗೆಟ್ ಜಾಯಿಂಟ್ ಎಂದು ಗುರುತಿಸುತ್ತಾರೆ, ಚಿಕಿತ್ಸೆಯ ಕ್ರಮವೂ ಬದಲಾಗಬಹುದು. ಈ ಲೆಕ್ಕ ನೆನಪಿನಿಂದ ಸಿಗುವುದಿಲ್ಲ. ಮುಂಬಯಿ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಆಸ್ಪತ್ರೆಯಲ್ಲಿ ಹಿಂದಿಯ ‘ಘುಟನಾ’ ಎಂದರೆ ಮಂಡಿ, ಮರಾಠಿಯ ‘ಘೋಟಾ’ ಎಂದರೆ ಹರಡು. ಗಡಿಬಿಡಿಯ ಓಪಿಡಿಯಲ್ಲಿ ನಾವು ಒಂದನ್ನು ಹೇಳಲು ಹೋಗಿ ಇನ್ನೊಂದನ್ನು ಹೇಳಿಬಿಡುತ್ತೇವೆ. ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಮನುಷ್ಯಾಕೃತಿ ಬರೆದು, ರಕ್ತಸ್ರಾವವಾದ ಕೀಲಿನ ಮೇಲೆ ಪ್ರತಿ ಸಲವೂ ಕೆಂಪು ಚುಕ್ಕೆಯಿಟ್ಟು, ಪಕ್ಕದಲ್ಲೇ ತಾರೀಕು ಹಾಕಿ.