ಮೊಬೈಲ್ ರಿಂಗಾಗುತ್ತದೆ, ಮನೆಯೊಳಗೆ ಸದ್ದಿಲ್ಲ: ವಿಡಿಯೊ ಡೋರ್‌ಬೆಲ್ ಚೈಮ್ ಸರಿಪಡಿಸುವುದು ಹೇಗೆ?

ಬಾಗಿಲಲ್ಲಿ ಕೊರಿಯರ್‌ನವರು ಬೆಲ್ ಒತ್ತುತ್ತಾರೆ. ಆಫೀಸಿನಲ್ಲಿ ಕುಳಿತ ಮಗನ ಮೊಬೈಲ್ ರಿಂಗಾಗುತ್ತದೆ. ಮನೆಯಲ್ಲೇ ಇರುವ ಅಮ್ಮನಿಗೆ ಮಾತ್ರ ಏನೂ ಕೇಳಿಸುವುದಿಲ್ಲ, ಹಾಲ್‌ನಲ್ಲಿರುವ ಚೈಮ್ (ಬೆಲ್ ಒತ್ತಿದಾಗ ಮನೆಯೊಳಗೆ ಸದ್ದು ಮಾಡುವ ಸಾಧನ) ಸುಮ್ಮನಿದೆ. ವಿಡಿಯೊ ಡೋರ್‌ಬೆಲ್ ಹಾಕಿಸಿದ ಮನೆಗಳಿಂದ ಮೇಲಿಂದ ಮೇಲೆ ಬರುವ ದೂರು ಇದು. ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ಸ್ಮಾರ್ಟ್‌ಫೋನ್ ಬಳಸದ ಹಿರಿಯರ ಪಾಲಿಗೆ ಚೈಮ್ ಸದ್ದೇ ಬೆಲ್. ಹಾಗಾಗಿ ಈ ದೋಷವನ್ನು "ಆಮೇಲೆ ನೋಡೋಣ" ಎಂದು ಬಿಡುವಂತಿಲ್ಲ.

ಅನೇಕರು ಮೊದಲ ಹೆಜ್ಜೆಯಲ್ಲೇ ರೀಸೆಟ್ ಬಟನ್‌ಗೆ ಪಿನ್ ಚುಚ್ಚುತ್ತಾರೆ. ರೀಸೆಟ್ ಮಾಡಿದರೆ ಹಳೆಯ ಜೋಡಣೆಯೆಲ್ಲ ಅಳಿಸಿಹೋಗುತ್ತದೆ, ತೊಂದರೆ ಎಲ್ಲಿತ್ತು ಎಂಬ ಸುಳಿವೂ ಅದರ ಜೊತೆಗೇ ಹೋಗುತ್ತದೆ. ಅದು ಕೊನೆಯ ಹೆಜ್ಜೆಯಾಗಿರಲಿ. ಬೆಲ್ ಒತ್ತಿದ ಸಂಕೇತ ಚೈಮ್‌ಗೆ ಯಾವ ದಾರಿಯಲ್ಲಿ ತಲಪುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ರೂಟರ್ ಆಫ್ ಮಾಡಿ, ಬೆಲ್ ಒತ್ತಿ

ಕೆಲವು ಬೆಲ್‌ಗಳು ತಮ್ಮ ಚೈಮ್‌ಗೆ ನೇರವಾಗಿ ರೇಡಿಯೊ ಸಂಕೇತ ಕಳಿಸುತ್ತವೆ. ಇನ್ನು ಕೆಲವು ವೈ-ಫೈ ರೂಟರ್‌ಗೆ ಹೇಳುತ್ತವೆ. ಎಷ್ಟೋ ಮಾದರಿಗಳಲ್ಲಿ ಅಲ್ಲಿಂದ ಸುದ್ದಿ ಕಂಪನಿಯ ಸರ್ವರ್‌ಗೆ ಹೋಗಿ, ಮತ್ತೆ ಅದೇ ರೂಟರ್ ಮೂಲಕ ಚೈಮ್‌ಗೆ ಇಳಿಯುತ್ತದೆ. ಮೂರನೆಯದು ಗೋಡೆಯ ಚೈಮ್‌ಗೆ ತಂತಿಯಲ್ಲೇ ಸೇರುವ ಬಗೆ. ಇದು ಅಮೆರಿಕ, ಕೆನಡಾ ಮನೆಗಳಲ್ಲಿ ಸಾಮಾನ್ಯ.

ನಿಮ್ಮದು ಮೊದಲನೆಯದೋ ಎರಡನೆಯದೋ ತಿಳಿಯಲು, ಚೈಮ್ ಆಗಾಗಲಾದರೂ ಬಾರಿಸುತ್ತಿರುವಾಗ ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಬೆಲ್ ಒತ್ತಿ. ಆಗಲೂ ಚೈಮ್ ಬಾರಿಸಿದರೆ ಅದು ನೇರ ರೇಡಿಯೊ ಸಂಪರ್ಕ. ಅಂಥ ಚೈಮ್ ಮುಂದೆಂದಾದರೂ ಮೌನವಾದರೆ ವೈ-ಫೈ ಸೆಟ್ಟಿಂಗ್ ತಡಕಾಡಿ ಪ್ರಯೋಜನವಿಲ್ಲ. ಕರೆಂಟ್, ಬೆಲ್‌ನ ಬ್ಯಾಟರಿ, ನಡುವಿನ ಗೋಡೆಗಳು, ಪೇರಿಂಗ್ (ಬೆಲ್ ಮತ್ತು ಚೈಮ್‌ನ ಜೋಡಣೆ) ಈ ನಾಲ್ಕನ್ನೇ ನೋಡಿ. ರೂಟರ್ ಆನ್ ಇದ್ದಾಗ ಮಾತ್ರ ಬಾರಿಸುವುದಾದರೆ ಅದು ವೈ-ಫೈ ಚೈಮ್. ಇದರ ದೋಷಗಳೇ ಹೆಚ್ಚು.

ಕರೆಂಟ್ ಬರುತ್ತಿದೆಯೇ?

ಕೇಳಲು ತೀರಾ ಸರಳ. ಆದರೆ ನಮ್ಮ ಪ್ಲಗ್ ಪಾಯಿಂಟ್‌ಗಳಿಗೆಲ್ಲ ಸ್ವಿಚ್ ಇರುತ್ತದೆ, ರಾತ್ರಿ ಮಲಗುವಾಗ ಎಲ್ಲ ಸ್ವಿಚ್ ಆರಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಟಿವಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಚೈಮ್ ಸಿಕ್ಕಿಸಿದ್ದರೆ ಟಿವಿ ಜೊತೆ ಅದೂ ಆರುತ್ತದೆ. ಚೈಮ್‌ಗೆ ಬೇರೆಯದೇ ಪಾಯಿಂಟ್ ಕೊಡಿ, ಸ್ವಿಚ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ.

ಇನ್ನೊಂದು ವಿಷಯ ಕರೆಂಟ್ ಹೋದಾಗಿನದು. ಪ್ಲಗ್‌ಗೆ ಸಿಕ್ಕಿಸುವ ಚೈಮ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಬೆಲ್ ತನ್ನ ಬ್ಯಾಟರಿಯಲ್ಲಿ ಎಚ್ಚರವಾಗಿರುತ್ತದೆ, ಚೈಮ್ ಮತ್ತು ರೂಟರ್ ಆರಿಹೋಗಿರುತ್ತವೆ. ಮನೆಯಲ್ಲಿ ಯುಪಿಎಸ್ ಇದ್ದರೆ ಎರಡನ್ನೂ ಯುಪಿಎಸ್ ಲೈನಿನ ಪಾಯಿಂಟ್‌ಗೆ ಹಾಕಿ. ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ 12 ವೋಲ್ಟ್ ಮಿನಿ ಯುಪಿಎಸ್ ರೂಟರ್‌ಗಷ್ಟೇ ಸಾಕು, ಚೈಮ್‌ಗೆ ನೆರವಾಗದು. ಕರೆಂಟ್ ಬಂದ ಮೇಲೂ ಚೈಮ್ ಮೌನವಾಗಿದ್ದರೆ ಕಾರಣ ಹೀಗಿರಬಹುದು: ಚೈಮ್ ಕೆಲವೇ ಸೆಕೆಂಡಿನಲ್ಲಿ ಎದ್ದು ವೈ-ಫೈ ಹುಡುಕುತ್ತದೆ, ರೂಟರ್ ಪೂರ್ತಿ ಏಳಲು ಎರಡು-ಮೂರು ನಿಮಿಷ ಬೇಕು. ಅಷ್ಟರಲ್ಲಿ ಕೆಲವು ಚೈಮ್‌ಗಳು ಹುಡುಕುವುದನ್ನೇ ಬಿಟ್ಟುಬಿಡುತ್ತವೆ. ರೂಟರ್ ಸ್ಥಿರವಾದ ಮೇಲೆ ಚೈಮ್‌ನ ಸ್ವಿಚ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿ.

ಹಳೆಯ ಬೆಲ್ ತಂತಿಗೆ ಹೊಸ ಬೆಲ್ ಸೇರಿಸಬೇಡಿ

ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಮನೆಗಳ ಹಳೆಯ ಡಿಂಗ್‌ಡಾಂಗ್ ಬೆಲ್ ಸಾಮಾನ್ಯವಾಗಿ ನೇರ 230 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಬಾಗಿಲ ಪಕ್ಕದ ಬೆಲ್ ಸ್ವಿಚ್‌ವರೆಗೆ ಬರುವುದೂ ಅದೇ ಕರೆಂಟ್. "ಹಳೆಯ ಸ್ವಿಚ್ ಬಿಚ್ಚಿ, ಅದೇ ಎರಡು ತಂತಿಗಳನ್ನು ಹೊಸ ಬೆಲ್‌ಗೆ ಸಿಕ್ಕಿಸಿ" ಎಂದು ತೋರಿಸುವ ವಿಡಿಯೊಗಳು 16ರಿಂದ 24 ವೋಲ್ಟ್ ಎಸಿ ಬೆಲ್ ವೈರಿಂಗ್ ಇರುವ ದೇಶಗಳಿಗಾಗಿ ಮಾಡಿದಂಥವು. ಇಲ್ಲಿ ಹಾಗೆ ಮಾಡಿದರೆ ಬೆಲ್ ಸುಟ್ಟುಹೋಗುವುದಷ್ಟೇ ಅಲ್ಲ, ಅದನ್ನು ಒತ್ತುವವರ ಜೀವಕ್ಕೇ ಅಪಾಯ. ಬೆಲ್ ಸ್ವಿಚ್ ಆಫ್ ಸ್ಥಿತಿಯಲ್ಲಿದೆ ಎಂದು ತಂತಿ ಮುಟ್ಟುವುದೂ ತಪ್ಪು. ಬಿಚ್ಚಲೇಬೇಕೆಂದರೆ ಎಂಸಿಬಿ ಇಳಿಸಿ, ಎರಡೂ ತಂತಿಗಳಿಗೆ ಟೆಸ್ಟರ್ ಹಿಡಿದು ನೋಡಬೇಕು. ಈ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡುವುದು ಒಳ್ಳೆಯದು.

ಹಳೆಯ ಬೆಲ್ ಅನ್ನು ಕಿತ್ತುಹಾಕದೆ ಹಾಗೇ ಉಳಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ವೈ-ಫೈ ಕೈಕೊಟ್ಟ ದಿನವೂ ಅದು ಬಾರಿಸುತ್ತದೆ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಬೆಲ್ ಆಗಿದ್ದರೆ ಚೈಮ್‌ನ ಹಿಂಬದಿಯ ಬರಹ ಓದಿ. "100-240 ವೋಲ್ಟ್, 50/60 ಹರ್ಟ್ಸ್" ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ ಪ್ಲಗ್‌ಗೆ ಹಾಕಿದ ಕೂಡಲೇ ಕೆಡುತ್ತದೆ.

ವೈ-ಫೈ: ನಾಲ್ಕು ಕಡೆ ಹುಡುಕಿ

ಬಹುತೇಕ ಬೆಲ್ ಮತ್ತು ಚೈಮ್‌ಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. ಇಂದಿನ ಹಲವು ಫೈಬರ್ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿರುತ್ತವೆ. ಪೇರಿಂಗ್ ಸಮಯದಲ್ಲಿ ನಿಮ್ಮ ಮೊಬೈಲ್ 5ರಲ್ಲಿದ್ದರೆ ಜೋಡಣೆ ಅರ್ಧಕ್ಕೇ ನಿಲ್ಲಬಹುದು. ರೂಟರ್ ಸೆಟ್ಟಿಂಗ್‌ಗೆ ಹೋಗಿ 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಆಫ್ ಮಾಡಿ, ಚೈಮ್ ಸೇರಿಸಿ, ಮತ್ತೆ ಆನ್ ಮಾಡಿ.

ಎರಡನೆಯದು ಸುರಕ್ಷತಾ ವಿಧಾನ. ರೂಟರ್ ಡಬ್ಲ್ಯುಪಿಎ3ಕ್ಕೆ ಮಾತ್ರ ಹೊಂದಿಕೊಂಡಿದ್ದರೆ ಹಳೆಯ ಚೈಮ್‌ಗಳಿಗೆ ಒಳಗೆ ಬರಲಾಗದು. ಡಬ್ಲ್ಯುಪಿಎ2 ಅಥವಾ ಎರಡೂ ಸೇರಿದ ಮಿಶ್ರ ವಿಧಾನ ಆರಿಸಿ.

ಮೂರನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈಗೆ 1ರಿಂದ 13ರವರೆಗಿನ ಚಾನೆಲ್‌ಗಳಿವೆ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ನೋಡುತ್ತವೆ. ರೂಟರ್ ಆಟೋದಲ್ಲಿದ್ದು, ಒಂದು ದಿನ ತಾನಾಗಿ 12 ಅಥವಾ 13ಕ್ಕೆ ಹೋದರೆ ಅಂಥ ಚೈಮ್‌ನ ಪಾಲಿಗೆ ಮನೆಯ ವೈ-ಫೈಯೇ ಮಾಯ. "ನಿನ್ನೆವರೆಗೆ ಸರಿಯಿತ್ತು, ಯಾರೂ ಏನೂ ಮುಟ್ಟಿಲ್ಲ" ಎನ್ನುವ ದೂರುಗಳಲ್ಲಿ ಇದನ್ನು ತಪ್ಪದೆ ನೋಡಿ. ಚಾನೆಲ್ ಅನ್ನು 1, 6 ಅಥವಾ 11ರಲ್ಲಿ ಒಂದಕ್ಕೆ ಸ್ಥಿರಗೊಳಿಸಿ.

ನಾಲ್ಕನೆಯದು ಸಿಗ್ನಲ್. ಆ್ಯಪ್‌ನಲ್ಲಿ ಸಾಧನದ ಮಾಹಿತಿ ತೆರೆದರೆ ಆರ್‌ಎಸ್‌ಎಸ್‌ಐ ಎಂಬ ಸಂಖ್ಯೆ ಹಲವು ಮಾದರಿಗಳಲ್ಲಿ ಸಿಗುತ್ತದೆ. ಮೈನಸ್ 50 ಅಂದರೆ ಚೆನ್ನಾಗಿದೆ, ಮೈನಸ್ 60ರ ಆಸುಪಾಸು ನಡೆಯುತ್ತದೆ, ಮೈನಸ್ 70 ದಾಟಿದರೆ ಸಂಪರ್ಕ ಬಂದುಹೋಗಿ ಮಾಡುತ್ತದೆ. ಬೆಲ್‌ನದು, ಚೈಮ್‌ನದು ಎರಡೂ ಸಂಖ್ಯೆಗಳನ್ನು ನೋಡಿ. ಆರ್‌ಸಿಸಿ ಗೋಡೆ, ಕಬ್ಬಿಣದ ಗ್ರಿಲ್ ಬಾಗಿಲು, ಸ್ಟೀಲ್ ಬಾಗಿಲು, ಫ್ರಿಜ್, ದೊಡ್ಡ ಕನ್ನಡಿ ಇವೆಲ್ಲ ಸಿಗ್ನಲ್ ತಡೆಯುತ್ತವೆ. ರೂಟರ್ ಅನ್ನು ಟಿವಿ ಹಿಂದಿನಿಂದ ತೆಗೆದು ಎತ್ತರದ ಜಾಗದಲ್ಲಿ ಇಟ್ಟರೆ ಸಂಖ್ಯೆ ಎಷ್ಟೋ ಸುಧಾರಿಸುತ್ತದೆ. ಗೇಟ್ ದೂರವಿರುವ ಸ್ವಂತ ಮನೆಗಳಲ್ಲಿ ಮುಂಬಾಗಿಲ ಒಳಗಡೆ ಒಂದು ರಿಪೀಟರ್ ಬೇಕಾಗಬಹುದು.

ಇಂಟರ್‌ನೆಟ್ ಕಂಪನಿ ಬದಲಿಸಿದ್ದೀರಾ? ಹೊಸ ರೂಟರ್‌ಗೂ ಹಳೆಯ ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಅನ್ನೇ ಅಕ್ಷರ ತಪ್ಪದಂತೆ ಇಡಿ. ಚೈಮ್ ತಾನಾಗಿ ಸೇರಿಕೊಳ್ಳುತ್ತದೆ. ಬೆಲ್ ಮುಖ್ಯ ನೆಟ್‌ವರ್ಕ್‌ನಲ್ಲಿ, ಚೈಮ್ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇದ್ದರೆ ಕೆಲವು ಮಾದರಿಗಳಲ್ಲಿ ಅವು ಒಂದನ್ನೊಂದು ಕಾಣುವುದಿಲ್ಲ. ಎರಡನ್ನೂ ಒಂದೇ ಕಡೆ ಸೇರಿಸಿ.

ತಡವಾಗಿ ಬಾರಿಸುವುದು, ತಾನಾಗಿ ಬಾರಿಸುವುದು

ಒತ್ತಿದ ಹಲವು ಸೆಕೆಂಡುಗಳ ಮೇಲೆ ಚೈಮ್ ಬಾರಿಸಿದರೆ ಸುದ್ದಿ ಸರ್ವರ್ ಸುತ್ತಿ ಬರುತ್ತಿದೆ, ಇಲ್ಲವೇ ಬೆಲ್‌ನ ಸಿಗ್ನಲ್ ದುರ್ಬಲ. ಬ್ಯಾಟರಿ ಬೆಲ್‌ಗಳು ಉಳಿತಾಯಕ್ಕಾಗಿ ನಿದ್ದೆಯಲ್ಲಿರುತ್ತವೆ, ಒತ್ತಿದಾಗ ಎದ್ದು ಸಂಪರ್ಕ ಹಿಡಿಯಲೂ ಸ್ವಲ್ಪ ಹೊತ್ತು ಬೇಕು. ಎರಡು-ಮೂರು ಸೆಕೆಂಡಿನ ತಡ ಸಹಜ. ಅದಕ್ಕಿಂತ ಹೆಚ್ಚಾದರೆ ಮೇಲೆ ಹೇಳಿದ ಸಂಖ್ಯೆಯನ್ನು ನೋಡಿ.

ಯಾರೂ ಒತ್ತದೆ ಚೈಮ್ ಸದ್ದು ಮಾಡಿದರೆ ಆ್ಯಪ್‌ನ ದಾಖಲೆ ತೆರೆಯಿರಿ. ಅಲ್ಲಿ "ಚಲನೆ" ಎಂದಿದ್ದರೆ ಚೈಮ್‌ಗೆ ಚಲನೆಯ ಎಚ್ಚರಿಕೆಯೂ ಜೋಡಿಯಾಗಿದೆ. ಅದನ್ನು ಆಫ್ ಮಾಡಿ, ಅಥವಾ ಬೇರೆ ಸದ್ದು ಇಡಿ. ದಾಖಲೆಯಲ್ಲಿ ಏನೂ ಇಲ್ಲದಿದ್ದರೆ, ಚೈಮ್ ಸಾದಾ ರೇಡಿಯೊದ್ದಾಗಿದ್ದರೆ, ಪಕ್ಕದ ಫ್ಲ್ಯಾಟಿನ ಬೆಲ್‌ನ ಸಂಕೇತ ನಿಮ್ಮದಕ್ಕೆ ಹೊಂದಿಕೆಯಾಗುತ್ತಿರಬಹುದು. 433 ಮೆಗಾಹರ್ಟ್ಸ್‌ನ ಅಗ್ಗದ ಬೆಲ್‌ಗಳಲ್ಲಿ ಇದು ಆಗುತ್ತದೆ. ಚೈಮ್‌ನ ಹಳೆಯ ಜೋಡಣೆ ಅಳಿಸಿ, ಹೊಸದಾಗಿ ಪೇರ್ ಮಾಡಿ. ಮಳೆಗಾಲದಲ್ಲಿ ಮಾತ್ರ ಹೀಗಾದರೆ ಬಟನ್ ಸಂದಿಗೆ ನೀರು ಇಳಿದಿರಬಹುದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೆಲ್ ಮೇಲೆ ಒಂದು ಮಳೆ ಮುಚ್ಚಳ ಇರಲೇಬೇಕು. ತಳಭಾಗದಲ್ಲಿ ನೀರು ಹೊರಹೋಗುವ ಸಣ್ಣ ತೂತನ್ನು ಸಿಲಿಕೋನ್‌ನಿಂದ ಮುಚ್ಚಬೇಡಿ.

ರಾತ್ರಿ ಮಾತ್ರ ಕೈಕೊಡುವ ಬೆಲ್

ಹಗಲು ಸರಿ, ಕತ್ತಲಾದ ಮೇಲೆ ಬೆಲ್ ಪದೇ ಪದೇ ಆಫ್‌ಲೈನ್ ಆಗುತ್ತದೆ, ಚೈಮ್‌ಗೆ ಸುದ್ದಿಯೇ ಹೋಗುವುದಿಲ್ಲ ಎಂದರೆ ಬೆಲ್‌ಗೆ ಹೋಗುವ ತಂತಿಯನ್ನು ನೋಡಿ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಬೆಲ್ ಹೆಚ್ಚು ಕರೆಂಟ್ ಎಳೆಯುತ್ತದೆ. 5 ವೋಲ್ಟ್ ಅಡಾಪ್ಟರ್‌ನಿಂದ 10 ಮೀಟರ್ ದೂರದ ಬೆಲ್‌ಗೆ 0.5 ಚದರ ಮಿ.ಮೀ. ತಾಮ್ರದ ತಂತಿ ಎಳೆದಿದ್ದೀರಿ ಎನ್ನಿ. ಹೋಗಿ ಬರುವ ಒಟ್ಟು 20 ಮೀಟರ್‌ನ ರೋಧ ಸುಮಾರು 0.7 ಓಮ್. 1 ಆ್ಯಂಪಿಯರ್ ಎಳೆದರೆ ದಾರಿಯಲ್ಲೇ 0.7 ವೋಲ್ಟ್ ನಷ್ಟ, ಬೆಲ್‌ಗೆ ತಲಪುವುದು 4.3 ಮಾತ್ರ. ಬೆಲ್ ರೀಸ್ಟಾರ್ಟ್ ಆಗಲು ಅಷ್ಟು ಸಾಕು. 1.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ಅಡಾಪ್ಟರ್ ಅನ್ನು ಬೆಲ್‌ಗೆ ಹತ್ತಿರ ತರುವುದು ಇನ್ನೂ ಒಳ್ಳೆಯದು. ಎಸಿ ಬೇಕೆನ್ನುವ ಬೆಲ್‌ಗೆ ಡಿಸಿ ಅಡಾಪ್ಟರ್, ಡಿಸಿ ಬೇಕೆನ್ನುವುದಕ್ಕೆ ಎಸಿ ಕೊಡಬೇಡಿ.

ಬ್ಯಾಟರಿ ಬೆಲ್ ಆಗಿದ್ದರೆ ಪೂರ್ತಿ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ. ರಸ್ತೆಯತ್ತ ಮುಖ ಮಾಡಿದ ಬೆಲ್ ಪ್ರತಿ ಸ್ಕೂಟರ್‌ಗೂ ರೆಕಾರ್ಡ್ ಮಾಡುತ್ತ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಚಲನೆ ಗುರುತಿಸುವ ಜಾಗವನ್ನು ಹೊಸ್ತಿಲಿನಷ್ಟಕ್ಕೇ ಕಿರಿದಾಗಿಸಿ.

ಆ್ಯಪ್ ಸೆಟ್ಟಿಂಗ್

ಚೈಮ್‌ನ ವಾಲ್ಯೂಮ್ ಸೊನ್ನೆಯಲ್ಲಿಲ್ಲವೇ, ಸ್ನೂಜ್ ಅಥವಾ ರಾತ್ರಿಯ ನಿಶ್ಶಬ್ದ ವೇಳೆ ಇದೆಯೇ, ಈ ಬೆಲ್‌ಗೆ ಈ ಚೈಮ್ ಟಿಕ್ ಆಗಿದೆಯೇ ನೋಡಿ. ಚೈಮ್ ಸರಿಯಿದ್ದು ಮೊಬೈಲ್ ಮಾತ್ರ ಮೌನವಾಗಿದ್ದರೆ, ಆಂಡ್ರಾಯ್ಡ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯ ನಿರ್ಬಂಧ ತೆಗೆಯಿರಿ.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ

ಅಲ್ಲಿನ ವೈರಿಂಗ್‌ನಲ್ಲಿ ಟ್ರಾನ್ಸ್‌ಫಾರ್ಮರ್, ಗೋಡೆಯ ಚೈಮ್, ಬಾಗಿಲ ಬೆಲ್ ಮೂರೂ ಒಂದೇ ಸರಣಿಯಲ್ಲಿರುತ್ತವೆ. ವಿಡಿಯೊ ಬೆಲ್ ತನಗೆ ಬೇಕಾದ ಕರೆಂಟನ್ನು ಚೈಮ್‌ನ ಕಾಯಿಲ್ ಮೂಲಕವೇ ಸ್ವಲ್ಪ ಸ್ವಲ್ಪ ಎಳೆಯುತ್ತಿರುತ್ತದೆ. ಬಟನ್ ಒತ್ತಿದಾಗ ಸರ್ಕ್ಯೂಟ್ ಪೂರ್ತಿ ಮುಚ್ಚಿ, ಕಾಯಿಲ್ ಬಲವಾಗಿ ಎಳೆದು, ಕಡ್ಡಿ ಲೋಹದ ಪಟ್ಟಿಗೆ ಬಡಿಯುತ್ತದೆ. ಹಳೆಯ ಮನೆಗಳ 16 ವೋಲ್ಟ್, 10 ವಿಎ (ಟ್ರಾನ್ಸ್‌ಫಾರ್ಮರ್ ಹೊರಬಲ್ಲ ಹೊರೆಯ ಅಳತೆ) ಟ್ರಾನ್ಸ್‌ಫಾರ್ಮರ್‌ಗೆ ಇಷ್ಟು ಹೊರೆ ಹೆಚ್ಚು. ಆಗಲೇ ಚೈಮ್ ಗುಂಯ್‌ಗುಡುವುದು, ಅರೆಬರೆ ಸದ್ದು ಮಾಡುವುದು. ಬೆಲ್‌ನ ಕೈಪಿಡಿ ಒಪ್ಪುವುದಾದರೆ 16 ವೋಲ್ಟ್, 30 ವಿಎ ಟ್ರಾನ್ಸ್‌ಫಾರ್ಮರ್ ಹಾಕಿಸಿ. ಅದರ ಒಂದು ಬದಿಗೆ 120 ವೋಲ್ಟ್ ಬರುವುದರಿಂದ ಬ್ರೇಕರ್ ಇಳಿಸದೆ ಮುಟ್ಟಬೇಡಿ.

ದೋಷ ಬೆಲ್‌ನದೋ ಚೈಮ್‌ನದೋ ಎಂದು ತಿಳಿಯಲು ಬೆಲ್ ಕಳಚಿ, ಅದರ ಎರಡು ತೆಳು ತಂತಿಗಳ ತುದಿಗಳನ್ನು ಒಂದು ಕ್ಷಣ ತಾಗಿಸಿ. ಚೈಮ್ ಬಾರಿಸಿದರೆ ಟ್ರಾನ್ಸ್‌ಫಾರ್ಮರ್, ತಂತಿ, ಚೈಮ್ ಮೂರೂ ಸರಿ. ತೊಂದರೆ ಬೆಲ್‌ನಲ್ಲಿ ಅಥವಾ ಆ್ಯಪ್‌ನಲ್ಲಿದೆ. (ಭಾರತದ 230 ವೋಲ್ಟ್ ತಂತಿಯಲ್ಲಿ ಈ ಪರೀಕ್ಷೆ ಎಂದಿಗೂ ಬೇಡ.) ಬಾರಿಸದಿದ್ದರೆ ಮಲ್ಟಿಮೀಟರ್ ಅನ್ನು ಎಸಿಗೆ ಇಟ್ಟು ಟ್ರಾನ್ಸ್‌ಫಾರ್ಮರ್‌ನ ಕಡಿಮೆ ವೋಲ್ಟಿನ ಸ್ಕ್ರೂಗಳಲ್ಲೇ ಅಳೆಯಿರಿ. ಚೈಮ್ ಪೆಟ್ಟಿಗೆಯಲ್ಲಿ ಅಳೆದರೆ ಸಂಖ್ಯೆ ದಾರಿ ತಪ್ಪಿಸುತ್ತದೆ.

ಪೆಟ್ಟಿಗೆಯೊಳಗೆ ಟ್ರಾನ್ಸ್, ಫ್ರಂಟ್, ರಿಯರ್ ಎಂಬ ಮೂರು ಸ್ಕ್ರೂಗಳಿರುತ್ತವೆ. "ಡಿಂಗ್" ಮಾತ್ರ ಕೇಳಿ "ಡಾಂಗ್" ಬಾರದಿದ್ದರೆ ಮುಂಬಾಗಿಲ ತಂತಿ ರಿಯರ್‌ಗೆ ಸೇರಿರಬಹುದು. ಇಲ್ಲವೇ ಕಡ್ಡಿ ಧೂಳಿಗೆ ಅಂಟಿಕೊಂಡಿದೆ. ಬೆರಳಲ್ಲಿ ಒತ್ತಿದಾಗ ಸರಾಗ ಹಿಂದೆ ಬರಬೇಕು. ಒಣ ಬಟ್ಟೆಯಿಂದ ಒರೆಸಿ. ಎಣ್ಣೆ ಬಿಡಬೇಡಿ, ಅದಕ್ಕೆ ಮತ್ತಷ್ಟು ಧೂಳು ಹಿಡಿಯುತ್ತದೆ. ಆ್ಯಪ್‌ನಲ್ಲಿ ಚೈಮ್ ಬಗೆ ಮೆಕ್ಯಾನಿಕಲ್ ಅಥವಾ ಡಿಜಿಟಲ್ ಎಂದು ಸರಿಯಾಗಿ ಆರಿಸಿ. ಕೆಲವು ಕಡಿಮೆ ಬೆಲೆಯ ವೈರ್ಡ್ ಮಾದರಿಗಳು ಚೈಮ್ ಪೆಟ್ಟಿಗೆಯಲ್ಲಿ ಕರೆಂಟ್ ಚೈಮ್ ತಪ್ಪಿಸಿ ಸಾಗುವಂತೆ ಜಂಪರ್ ತಂತಿ ಹಾಕಿಸುತ್ತವೆ. ಅಂಥವುಗಳಲ್ಲಿ ಗೋಡೆಯ ಚೈಮ್ ಬಾರಿಸುವುದೇ ಇಲ್ಲ, ಅದು ದೋಷವಲ್ಲ. ಪ್ಲಗ್ ಚೈಮ್ ಬೇರೆಯಾಗಿ ಕೊಳ್ಳಬೇಕು.

ಕೊನೆಗೆ ರೀಸೆಟ್

ಇಷ್ಟೆಲ್ಲ ಆದರೂ ಮೌನವಾದರೆ ಚೈಮ್ ಅನ್ನು ಮೊದಲು ಆ್ಯಪ್‌ನಿಂದ ತೆಗೆಯಿರಿ, ಆಮೇಲೆ ರೀಸೆಟ್ ಒತ್ತಿ. ಈ ಕ್ರಮ ತಿರುವುಮುರುವಾದರೆ ಕೆಲವು ಕಂಪನಿಗಳ ಸಾಧನ ಹಳೆಯ ಖಾತೆಗೇ ಕಟ್ಟಿಬಿದ್ದಿರುತ್ತದೆ. ಬೆಲ್‌ಗೆ ಎರಡು ಮೀಟರ್ ಹತ್ತಿರದಲ್ಲಿ ಪ್ಲಗ್ ಮಾಡಿ ಪೇರ್ ಮಾಡಿ, ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಯುವವರೆಗೆ ಅಲ್ಲೇ ಬಿಡಿ. ಆ ಜಾಗದಲ್ಲಿ ಬಾರಿಸಿ, ಹಾಲ್‌ಗೆ ತಂದಾಗ ಬಾರಿಸದಿದ್ದರೆ ಸಿಗ್ನಲ್ ಸಮಸ್ಯೆ. ಪಕ್ಕದಲ್ಲೂ ಬಾರಿಸದಿದ್ದರೆ ಮಾದರಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಚೈಮ್ ದೀಪದ ಬಣ್ಣ ಬರೆದಿಟ್ಟುಕೊಂಡು, ಬಿಲ್ ಹುಡುಕಿ, ವಾರಂಟಿಯಲ್ಲಿ ಬದಲಿ ಚೈಮ್ ಕೇಳಿ.