ಆಯಿಯ ಟಿಕೆಟ್ಟಿನಲ್ಲಿ ಒಂದು ‘ಎಚ್’ ಹೆಚ್ಚಾಗಿತ್ತು

ತಂಗಿಯ ಬಾಣಂತನಕ್ಕೆ ಆಯಿ (ನಮ್ಮಮ್ಮ) ದುಬೈಗೆ ಹೊರಡಲು ಹನ್ನೊಂದು ದಿನ ಉಳಿದಿತ್ತು. ಅಡಿಕೆ ಸುಲಿತದ ಗಡಿಬಿಡಿ ಮುಗಿಸಿ ರಾತ್ರಿ ಮೊಬೈಲು ತೆಗೆದರೆ ಭಾವ ಕಳಿಸಿದ ಟಿಕೆಟ್ಟು ಬಂದಿತ್ತು. ಪಾಸ್‌ಪೋರ್ಟು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಆಯಿಯ ಹೆಸರಿನ ‘ತ್ರಿ’ಗೆ ಪಾಸ್‌ಪೋರ್ಟಿನಲ್ಲಿ ಟಿ, ಆರ್, ಐ. ಟಿಕೆಟ್ಟಿನಲ್ಲಿ ಟಿಯ ನಂತರ ಒಂದು ಎಚ್. ಅದಕ್ಕಿಂತ ದೊಡ್ಡ ತಪ್ಪು ಕೊನೆಯಲ್ಲಿತ್ತು. ‘ಹೆಗಡೆ’ ಇರಲೇ ಇಲ್ಲ, ಆ ಜಾಗದಲ್ಲಿ ಅಪ್ಪಯ್ಯನ ಹೆಸರಿತ್ತು. ಆಯಿಗೆ ಓದಿ ಹೇಳಿದೆ. “ಹಂಗಾರೆ ಹೋಪದು ಆನೋ, ಬೇರೆ ಯಾರೋ?” ಎಂದಳು.

ಭಾವ ಬೆಂಗಳೂರಿನ ಏಜೆಂಟರೊಬ್ಬರಿಗೆ ಫೋನಿನಲ್ಲಿ ಹೆಸರು ಹೇಳಿದ್ದ, ಅವರು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರು. ಇಂಥ ತಪ್ಪು ನಮ್ಮ ಜಿಲ್ಲೆಯವರಿಗೆ ಹೆಚ್ಚು ಎಂದು ನನಗನ್ನಿಸುತ್ತದೆ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ನಾವು ಇಂದಿಗೂ ಬಹಳ ಮಟ್ಟಿಗೆ ಆ ಕಡೆಯ ರೂಢಿಯಲ್ಲೇ ಹೆಸರು ಬರೆಯುತ್ತೇವೆ: ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಆಮೇಲೆ ಮನೆತನದ ಹೆಸರು, ‘ತ’ಕ್ಕೆ ಬರೀ ಟಿ. ಬೆಂಗಳೂರು, ಮೈಸೂರಿನವರು ಇನಿಶಿಯಲ್ ಹಾಕಿ, ‘ತ’ಕ್ಕೆ ಎಚ್ ಸೇರಿಸಿ ಬರೆಯುವುದು ಹೆಚ್ಚು. ಎರಡೂ ಸರಿಯೇ. ಆದರೆ ಕೌಂಟರಿನಲ್ಲಿ ನೋಡುವವರಿಗೆ ಪಾಸ್‌ಪೋರ್ಟಿನಲ್ಲಿರುವುದು ಮಾತ್ರ ಸರಿ.

ಆಯಿಯದು ಇನ್ನೊಂದು ತೊಡಕು. ಪಾಸ್‌ಪೋರ್ಟಿನ ಸರ್‌ನೇಮ್ ಅಂಕಣ ಖಾಲಿ, ಮೂರೂ ಪದ ಗಿವನ್ ನೇಮ್‌ನಲ್ಲಿವೆ. ನಮ್ಮ ಕಡೆಯ ಹಳೆಯ ಪಾಸ್‌ಪೋರ್ಟುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರನ್ನು ಪ್ರವಾಸಿ ವೀಸಾದ ಮೇಲೆ ಬಿಡುವುದಿಲ್ಲ ಎಂದಾಗ ಊರಲ್ಲಿ ಕೆಲವರು ಗಾಬರಿಯಾಗಿದ್ದರು. ಆಯಿಗೆ ಮೂರು ಪದ ಇದ್ದುದರಿಂದ ಆ ಭಯ ಇರಲಿಲ್ಲ. ಆದರೆ ಟಿಕೆಟ್ಟಿನ ಫಾರಂ ಸರ್‌ನೇಮ್ ಕೇಳದೆ ಮುಂದೆ ಹೋಗುವುದಿಲ್ಲ. ಅಲ್ಲಿ ಏನು ಹಾಕಬೇಕೆಂದು ಒಂದೊಂದು ವಿಮಾನ ಕಂಪನಿ ಒಂದೊಂದು ರೀತಿ ಹೇಳುತ್ತದೆ: ಕೆಲವರು ಕೊನೆಯ ಪದ ಅನ್ನುತ್ತಾರೆ, ಕೆಲವರು ಗಿವನ್ ನೇಮನ್ನೇ ಎರಡು ಸಲ ಬರೆಯಿರಿ ಅನ್ನುತ್ತಾರೆ. ಅದಕ್ಕೇ ಊಹೆ ಮಾಡದೆ ಆ ಕಂಪನಿಯನ್ನೇ ಕೇಳಿದೆ. ಕೊನೆಯ ಪದ ಹಾಕಿ ಎಂದರು.

ಏರ್‌ಲೈನಿನ ಸ್ವಂತ ವೆಬ್‌ಸೈಟಿನಲ್ಲಿ ಕೊಂಡು 24 ಗಂಟೆಯೊಳಗೆ ಹೇಳಿದ್ದರೆ, ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು ದುಡ್ಡಿಲ್ಲದೆ ತಿದ್ದಬೇಕೆಂಬ, ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮವಿದೆ. ನಮ್ಮದು ಏಜೆಂಟರ ಟಿಕೆಟ್ಟು, ಕೊಂಡು ಮೂರು ದಿನ ಬೇರೆ ಆಗಿತ್ತು. ಏರ್‌ಲೈನಿಗೆ ಫೋನು ಮಾಡಿದರೆ ಏಜೆಂಟರನ್ನು ಕೇಳಿ ಎಂದರು. ಏಜೆಂಟರು, ರದ್ದು ಮಾಡಿ ಹೊಸದು ತಗೊಳ್ಳಿ ಎಂದರು. ಹಾಗೆ ಮಾಡಿದ್ದರೆ ಅರ್ಧಕ್ಕಿಂತ ಹೆಚ್ಚು ದುಡ್ಡು ಹೋಗುತ್ತಿತ್ತು. ನಾನು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಇಮೇಲ್ ಬರೆದೆ. ‘ಹೆಸರು ಬದಲಾವಣೆ’ ಎಂಬ ಮಾತನ್ನು ಎಲ್ಲೂ ಬಳಸಲಿಲ್ಲ. ಟಿಕೆಟ್ಟು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಂಥದ್ದಲ್ಲ, ಆ ಶಬ್ದ ಕಂಡ ಕೂಡಲೇ ‘ಆಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ‘ಅದೇ ಪ್ರಯಾಣಿಕರ ಹೆಸರಿನ ತಿದ್ದುಪಡಿ’ ಎಂದು ಬರೆದೆ. ಈಗ ಹೀಗಿದೆ, ಹೀಗಾಗಬೇಕು ಎಂದು ಎರಡು ಸಾಲು, ಟಿಕೆಟ್ ನಂಬರು, ಪಿಎನ್ಆರ್. ಜೊತೆಗೆ ಪಾಸ್‌ಪೋರ್ಟಿನ ಮೊದಲ ಪುಟ, ಹಾಗೂ ಗಂಡನ ಹೆಸರು ಅಚ್ಚಾಗಿರುವ ಕೊನೆಯ ಪುಟ. ತಪ್ಪಾಗಿ ಬಿದ್ದ ಹೆಸರು ಎಲ್ಲಿಂದ ಬಂತೆಂಬುದಕ್ಕೆ ಆ ಕೊನೆಯ ಪುಟವೇ ಆಧಾರ. ಎರಡು ದಿನ ಬಿಟ್ಟು ತಿದ್ದಿದ ಪ್ರತಿ ಬಂತು. ಏಜೆಂಟರು ತಮ್ಮ ಚಾರ್ಜೆಂದು ಒಂದೂವರೆ ಸಾವಿರ ತಗೊಂಡರು.

ಇಲ್ಲಿಗೆ ಮುಗಿಯಿತೆಂದು ಬಿಟ್ಟಿದ್ದರೆ ಮುಂಬಯಿಯಲ್ಲಿ ಆಯಿ ಒಬ್ಬಳೇ ನಿಂತಿರುತ್ತಿದ್ದಳು. ಹುಬ್ಬಳ್ಳಿಯಿಂದ ಮುಂಬಯಿಗೆ ಒಂದು ಕಂಪನಿ, ಅಲ್ಲಿಂದ ದುಬೈಗೆ ಇನ್ನೊಂದು, ಟಿಕೆಟ್ಟು ಒಂದೇ. ಹೀಗಿದ್ದಾಗ ಎರಡೂ ಕಂಪನಿಗಳ ಪಿಎನ್ಆರ್ ಬೇರೆ ಬೇರೆ. ಎರಡನೆಯದರ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಅದೇ ಹಳೆಯ ಎಚ್, ಅದೇ ಅಪ್ಪಯ್ಯನ ಹೆಸರು. ಬುಕಿಂಗಿನಲ್ಲಿ ಹೆಸರು ತಿದ್ದಿದ್ದರು, ಟಿಕೆಟ್ಟನ್ನು ಹೊಸದಾಗಿ ಹೊರಡಿಸಿರಲಿಲ್ಲ. ಮತ್ತೆ ಫೋನು, ಮತ್ತೆ ಇಮೇಲು. ಟಿಕೆಟ್ ರೀಇಶ್ಯೂ ಆಗಬೇಕೆಂದು ಹಟ ಹಿಡಿದೆ. ಐದನೆಯ ದಿನ 13 ಅಂಕಿಯ ಹೊಸ ಟಿಕೆಟ್ ನಂಬರು ಬಂತು. ಎರಡೂ ವೆಬ್‌ಸೈಟಿನಲ್ಲಿ ತೆಗೆದು ನೋಡಿ, ಪ್ರಿಂಟು ಹಾಕಿಸಿ ಆಯಿಯ ಕೈಚೀಲದಲ್ಲಿಟ್ಟೆ. ಅಲ್ಲಿಯವರೆಗೆ ವೆಬ್ ಚೆಕ್‌ಇನ್ ಮಾಡಿರಲಿಲ್ಲ. ಚೆಕ್‌ಇನ್ ಆದ ಮೇಲೆ ಹೆಸರು ಮುಟ್ಟುವುದು ಇನ್ನೂ ಕಷ್ಟ, ಮೊದಲು ಅದನ್ನೇ ರದ್ದು ಮಾಡಿಸಬೇಕಾಗುತ್ತದೆ.

ಹೊರಡುವ ದಿನ ಹುಬ್ಬಳ್ಳಿಯಲ್ಲಿ ಬೋರ್ಡಿಂಗ್ ಪಾಸು ಕೈಗೆ ಬಂದಾಗ ಆಯಿ ಫೋನು ಮಾಡಿದಳು. “ತಮಾ, ಮತ್ತೆ ತಪ್ಪಾಜಲ, ಎಲ್ಲ ಒಟ್ಟಿಗೆ ಅಂಟಿಶಿದ್ದ.” ಅದು ತಪ್ಪಲ್ಲ. ಅಲ್ಲಿ ಮೊದಲು ಸರ್‌ನೇಮ್, ಒಂದು ಓರೆಗೆರೆ, ಆಮೇಲೆ ಉಳಿದ ಹೆಸರು ನಡುವೆ ಜಾಗವಿಲ್ಲದೆ ಬರುತ್ತದೆ, ಬಾಲಕ್ಕೆ ಮಿಸೆಸ್ ಎಂಬುದರ ಮೂರಕ್ಷರ. ಹೆಸರು ಉದ್ದವಾದರೆ ತುದಿ ಕತ್ತರಿಸಿಯೂ ಹೋಗುತ್ತದೆ. ಇದನ್ನು ಮೊದಲೇ ಅವಳಿಗೆ ಹೇಳಬೇಕಿತ್ತು.

ಆಮೇಲೆ ಶಿರಸಿಯ ಸುತ್ತಲಿನ ನಾಲ್ಕಾರು ಮನೆಯವರು ಟಿಕೆಟ್ಟು ಹಿಡಿದು ಬಂದಿದ್ದಾರೆ. ದೇಶದೊಳಗಿನ ವಿಮಾನವಾದರೆ ಪರಿಹಾರ ಕೆಲವೊಮ್ಮೆ ಮನೆಯಲ್ಲೇ ಇರುತ್ತದೆ. ಆಧಾರಿನಲ್ಲಿ ಇನಿಶಿಯಲ್ ಇದ್ದ ಹುಡುಗನೊಬ್ಬನ ಡ್ರೈವಿಂಗ್ ಲೈಸೆನ್ಸಿನ ಹೆಸರು ಟಿಕೆಟ್ಟಿಗೆ ಸರಿಯಾಗಿ ಹೊಂದಿತ್ತು. ಅದನ್ನೇ ತೋರಿಸಿ ಹೋದ. ಹೊಸದಾಗಿ ಮದುವೆಯಾದವರಿಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಪಾಸ್‌ಪೋರ್ಟಿನಲ್ಲಿ ತವರಿನ ಹೆಸರಿದ್ದರೆ ಹೊರದೇಶದ ಟಿಕೆಟ್ಟೂ ತವರಿನ ಹೆಸರಲ್ಲೇ ಇರಲಿ.

ಎರಡು ತಿಂಗಳ ನಂತರ ಆಯಿಯನ್ನು ಕರೆತರಲು ಅಪ್ಪಯ್ಯ ಹೊರಟ. ಈ ಸಲ ಟಿಕೆಟ್ಟನ್ನು ನಾನೇ, ಏರ್‌ಲೈನಿನ ವೆಬ್‌ಸೈಟಿನಲ್ಲೇ ಮಾಡಿದೆ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವೆ, ಸಾಲಿಗೆ 44 ಅಕ್ಷರ. ಮೊದಲನೆಯದರಲ್ಲಿ ಹೆಸರು. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಅದನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿದ, ನಾನು ಪರದೆಯ ಮೇಲೆ ಹೊಂದಿಸಿ ನೋಡಿದೆ. ಕೊನೆಯ ಅಕ್ಷರ ಮುಗಿದ ಮೇಲೆಯೇ ದುಡ್ಡು ಕಟ್ಟಿದೆ.